ಟೆಟ್ಟಳ ಹೊಲವನ್ನು ಕೊಟ್ಟ ದೊರೆಗಳು

ಲೆಡ್ಡ ಹೊಳೆಯ ಬದಿಯ ನಮ್ಮ ನಾಡು ಎಷ್ಟು ದೊಡ್ಡದೆಂದರೆ, ಬೆಳಗ್ಗೆ ಬೇಲಿ ಹಾರಿದ ಹಸು ಸಂಜೆಯೊಳಗೆ ಅದರ ಆಚೆ ಗಡಿಯಲ್ಲಿ ಮೇಯುತ್ತಿರುತ್ತಿತ್ತು. ಅದಕ್ಕೂ ಒಬ್ಬ ಅರಸನಿದ್ದ, ಹೆರೆಲಾಫ್. ಅವನ ಹಜಾರದಲ್ಲಿ ಊಟಕ್ಕೆ ಮುಂಚೆ ಹಾಡುಗನೊಬ್ಬ ಎದ್ದು ನಿಂತು ವಂಶಾವಳಿ ಒದರಬೇಕು. ಇಂಥವನ ಮಗ, ಇಂಥವನ ಮೊಮ್ಮಗ, ಹೀಗೆ ವೋಡನ್ ದೇವರವರೆಗೆ. ಅಷ್ಟರಲ್ಲಿ ನಮ್ಮ ಮುಂದಿನ ಗಂಜಿ ಆರಿ ಕೆನೆಗಟ್ಟುತ್ತಿತ್ತು. ಕ್ರಿಸ್ತನ ಹೆಸರಿನಲ್ಲಿ ನೀರಿಗಿಳಿದು ಎದ್ದ ಮೇಲೂ ಆ ಹಳೆಯ ದೇವರನ್ನು ಅವನು ಬಿಟ್ಟಿರಲಿಲ್ಲ. ಬಿಟ್ಟರೆ ಅವನ ಬಳಿ ಉಳಿಯುವುದೇನು?

ಟೆಟ್ಟ ನನ್ನ ನೆರೆಯವಳು. ನಮ್ಮಿಬ್ಬರ ಹಿತ್ತಿಲ ನಡುವೆ ಒಂದು ಬೇಲಿ, ಅಷ್ಟೇ. ಅವಳಿಗೆ ಒಬ್ಬಳು ಪುಟ್ಟ ಮಗಳು, ಗಂಡ ಸಿಬ್ಬ ಅರಸನ ಈಟಿಯಾಳು. ಪಡುವಲ ಬೆಟ್ಟದವರ ದನ ಹೊಡೆದು ತರಲು ಹೋದ ದಿನ ಹೆರೆಲಾಫ್ ಕುದುರೆಯಿಂದ ಜಾರಿ ಕೆಸರಿಗೆ ಬಿದ್ದ. ಸಿಬ್ಬ ಅವನ ಮೇಲೆ ಗುರಾಣಿ ಹಿಡಿದು ನಿಂತ, ಅಲ್ಲೇ ಸತ್ತ. ಆಮೇಲೆ ಹಜಾರದಲ್ಲಿ ಆ ಕಾಳಗದ ಹಾಡು ಕೇಳಿದೆ. ಅದರಲ್ಲಿ ಕೆಸರೂ ಇರಲಿಲ್ಲ, ಸಿಬ್ಬನೂ ಇರಲಿಲ್ಲ.

ನಾಚಿಕೆಯಾಯಿತೋ, ಪಾದ್ರಿಯ ಕಾಟ ತಡೆಯಲಾಗಲಿಲ್ಲವೋ, ಹೆರೆಲಾಫ್ ವಿಧವೆಗೆ ಹೊಳೆದಂಡೆಯ ಒಂದು ಹೊಲ ಕೊಟ್ಟ. ಆ ಹೊಲದ ಮಣ್ಣಿನ ಹೆಂಟೆಯೊಂದನ್ನು ಚರ್ಚಿನಲ್ಲಿ ಸುವಾರ್ತೆಯ ಪುಸ್ತಕದ ಮೇಲಿಟ್ಟು, "ದೇವರ ಕೃಪೆಯಿಂದ ಅರಸನಾದ ನಾನು ಇದನ್ನು ಎಂದೆಂದಿಗೂ ಕೊಟ್ಟಿದ್ದೇನೆ" ಎಂದ. ಆ ಎಂದೆಂದಿಗೂ ನಾಲ್ಕು ವರ್ಷ ಬಾಳಿತು.

ಐದನೆಯ ವರ್ಷ ಉಳುಮೆಯ ಹೊತ್ತಿಗೆ ಇಬ್ಬರು ಕುದುರೆ ಸವಾರರು ಬಂದು ಅವಳ ಎತ್ತುಗಳ ಮುಂದೆ ಅಡ್ಡ ನಿಂತರು. ಒಬ್ಬ ಬಡಗಣದ ದೊಡ್ಡ ನಾಡು ಮರ್ಸಿಯದ ದೊರೆಯ ಪಾರುಪತ್ಯಗಾರ.

"ಯಾರಮ್ಮ ನಿಂಗೆ ಇಲ್ಲಿ ಉಳೋಕೆ ಹೇಳಿದ್ದು?"

"ನನ್ ಹೊಲ ಉಳೋಕೆ ಯಾರಾದ್ರೂ ಹೇಳ್ಬೇಕಾ? ಅರಸರು ಕೊಟ್ಟಿದ್ದು."

"ಯಾವ ಅರಸರು?"

"ಎಷ್ಟ್ ಜನ ಅವ್ರೆ? ಹೆರೆಲಾಫ್."

ಅವನು ನಕ್ಕ. "ಅವನು ಅರಸ ಅಲ್ಲಮ್ಮ, ಸಾಮಂತ. ನಮ್ಮ ದೊರೆ ಹೂಂ ಅನ್ನದೆ ಒಂದು ಕೋಳಿಗೂಡನ್ನೂ ದಾನ ಮಾಡೋ ಹಾಗಿಲ್ಲ. ಎತ್ತು ಬಿಚ್ಚು."

ಹಿಂದಿನ ಸುಗ್ಗಿಯ ನಂತರ ಹೆರೆಲಾಫ್ ಬಡಗಣಕ್ಕೆ ಹೋಗಿ ಹದಿನೈದು ದಿನ ಇದ್ದು ಬಂದಿದ್ದ. ಮರ್ಸಿಯದ ದೊರೆಯ ಜೊತೆ ಬೇಟೆಯಾಡಿದೆ ಎಂದು ನಮಗೆಲ್ಲ ಹೇಳಿದ್ದ. ಮಂಡಿಯೂರಿ, ಎರಡು ಕೈಯನ್ನೂ ಆ ದೊರೆಯ ಕೈಯೊಳಗಿಟ್ಟು, "ನೀನೇ ನನ್ನ ತಂದೆ, ನೀನೇ ಒಡೆಯ" ಎಂದು ಬಂದಿದ್ದನ್ನು ಹೇಳಿರಲಿಲ್ಲ.

ಟೆಟ್ಟ ನೇಗಿಲನ್ನು ಸಾಲಿನಲ್ಲೇ ಬಿಟ್ಟು ಕೆಸರುಗಾಲಲ್ಲೇ ಹಜಾರಕ್ಕೆ ನಡೆದಳು. ನಾನೂ ಹಿಂದೆ ಹೋದೆ. ಹೆರೆಲಾಫ್ ಗಡ್ಡ ಬಾಚಿಸಿಕೊಳ್ಳುತ್ತಿದ್ದ.

"ನಾನು ಅರಸನೇ ಕಣಮ್ಮ," ಎಂದ. "ಅಲ್ಲಿ ಅವರು ಸಲಿಗೆಗೆ ಏನೋ ಒಂದು ಅಂತಾರೆ."

"ಹಂಗಾದ್ರೆ ಆ ಪಾರುಪತ್ಯಗಾರನ್ನ ಓಡ್ಸು ದೊರೆ. ಇನ್ನೂ ನನ್ ಹೊಲದಾಗೇ ನಿಂತವ್ನೆ."

ಹೆರೆಲಾಫ್ ಕೆಮ್ಮಿದ. "ಅದು ಮರ್ಯಾದೆ ಅಲ್ಲ. ಈಸ್ಟರ್ ಆದ್ಮೇಲೆ ಅಲ್ಲಿ ಸಭೆ ಐತೆ. ನಾನೇ ಮಾತಾಡ್ತೀನಿ. ನೀನು ಬರೋದೇನೂ ಬೇಡ."

ಬರಬೇಡ ಎಂದದ್ದರಿಂದಲೇ ಅವಳು ಹೊರಟಳು. ಮೂರು ದಿನದ ದಾರಿ. ಅವಳ ಮಗಳನ್ನು ನನ್ನ ತಮ್ಮನ ಮನೆಯಲ್ಲಿ ಬಿಟ್ಟು, ಒಂಟಿ ಹೆಂಗಸನ್ನು ಕಳಿಸಲಾರದೆ ನಾನೂ ಹೋದೆ. ರೊಟ್ಟಿ, ಗಿಣ್ಣು, ಒಂದು ಬುರುಡೆ ಬಾರ್ಲಿ ಹೆಂಡ, ಅಷ್ಟು ಕಟ್ಟಿಕೊಂಡಿದ್ದೆವು.

ಮರ್ಸಿಯದ ದೊರೆಯ ಹಜಾರದಲ್ಲಿ ಕಂಡದ್ದನ್ನು ಹೇಳಿಬಿಡುತ್ತೇನೆ. ನಮ್ಮ ಹೆರೆಲಾಫನಂಥವರು ಇನ್ನೂ ಮೂವರಿದ್ದರು. ಮನೆಯಲ್ಲಿ ಎಲ್ಲರೂ ಅರಸರೇ, ಎಲ್ಲರೂ ವೋಡನ್ನನ ಮೊಮ್ಮಕ್ಕಳೇ. ಇಲ್ಲಿ ಮೂರನೆಯ ಬೆಂಚಿನ ಮೇಲೆ ಒಲೆಗೆ ಯಾರು ಹತ್ತಿರ ಕೂರಬೇಕೆಂದು ಮೊಣಕೈಯಲ್ಲಿ ತಿವಿದಾಡುತ್ತಿದ್ದರು. ಇವರೆಲ್ಲರ ಮೇಲೊಡೆಯನಾದ ಮರ್ಸಿಯದ ದೊರೆ ಬಾಗಿಲಲ್ಲಿ ಕುದುರೆ ಇಳಿದಾಗ ಲಗಾಮು ಹಿಡಿಯಲು ನಾಲ್ವರೂ ಓಡಿದರು. ನಮ್ಮವನ ಕೈಗೇ ಸಿಕ್ಕಿತು. ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು.

ಆ ಮೇಲೊಡೆಯನಾದರೂ ಏನು? ಹೊಟ್ಟೆ ಮುಂದೆ ಬಂದ, ಹಲ್ಲಿನ ಸಂದಿಯ ಮಾಂಸ ಕೀಳುತ್ತ ಕೂತ ಮುದುಕ. ಕೂಗುವವನು ಮಾತ್ರ ಕೂಗಿದ: ಮರ್ಸಿಯದ ಅರಸ, ತೆಂಕಣ ಆಂಗ್ಲರೆಲ್ಲರ ಅರಸ, ಇಡೀ ಬ್ರಿಟನ್ನಿನ ಒಡೆಯ. ಬ್ರಿಟನ್ನಿನ ಆ ತುದಿಯನ್ನು ನಾನು ನೋಡಿಲ್ಲ. ಅವನೂ ನೋಡಿರಲಿಲ್ಲ.

ಟೆಟ್ಟಳ ಸರದಿ ಬಂತು. ಅವಳು ಹೊಲದ ಕತೆ ಹೇಳಿದಳು. ಮುದುಕ ಮೂರನೆಯ ಬೆಂಚಿನತ್ತ ತಿರುಗಿದ.

"ಏನಯ್ಯ, ಇವಳು ಯಾರು, ಗೊತ್ತಾ ನಿನಗೆ?"

ಹೆರೆಲಾಫ್ ಅವಳ ಮುಖ ನೋಡಲಿಲ್ಲ. "ನಮ್ಮ ಕಡೆಯೋಳು ಇರ್ಬೇಕು, ಒಡೆಯಾ."

"ಇರ್ಬೇಕಾ?" ಟೆಟ್ಟ ಒಂದು ಹೆಜ್ಜೆ ಮುಂದೆ ಬಂದಳು. "ನಿನ್ ಮೇಲೆ ಗುರಾಣಿ ಹಿಡಿದು ಸತ್ತೋನ ಹೆಂಡ್ತಿ ಕಣಯ್ಯ ನಾನು. ಅವತ್ತು ಕೆಸರಲ್ಲಿ ಮಕಾಡೆ ಬಿದ್ದಿದ್ಯಲ್ಲ, ಆಗ ನೀನು ಅರಸನೋ ಸಾಮಂತನೋ? ನನ್ ಗಂಡ ಕೇಳ್ಲಿಲ್ಲ. ಕೇಳ್ಕೊಂಡು ಸಾಯ್ಬೇಕಿತ್ತು, ಪೆದ್ದ."

ಹಜಾರವೆಲ್ಲ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಮೇಲೊಡೆಯ. ನಗುತ್ತಲೇ ಹೊಲವನ್ನು ಅವಳಿಗೆ ಕೊಟ್ಟ. ನ್ಯಾಯಕ್ಕಾಗಿ ಕೊಟ್ಟನೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹೆರೆಲಾಫನ ಕಿವಿ ಕೆಂಪಾದದ್ದು ಅವನಿಗೆ ಖುಷಿ ಕೊಟ್ಟಿತ್ತು.

ಕರುವಿನ ತೊಗಲಿನ ಮೇಲೆ ಸನ್ಯಾಸಿಯೊಬ್ಬ ದಾನಪತ್ರ ಬರೆದ. ಮೇಲೊಡೆಯನ ಬಿರುದುಗಳಿಗೆ ಮೂರು ಸಾಲು, ಹೊಲಕ್ಕೆ ಅರ್ಧ ಸಾಲು. ಕೆಳಗೆ ಹೆರೆಲಾಫ್ ಶಿಲುಬೆಯ ಗುರುತು ಹಾಕಬೇಕು, ಪಕ್ಕದಲ್ಲಿ 'ಸಾಮಂತ' ಎಂದು ಸನ್ಯಾಸಿ ಬರೆಯಬೇಕು. ಓದಲು ಬಾರದ ಹೆರೆಲಾಫ್ ಆ ಪದ ಯಾವುದೆಂದು ಎರಡು ಸಲ ಕೇಳಿದ. ಎರಡು ಸಲವೂ ಸನ್ಯಾಸಿ ಗಟ್ಟಿಯಾಗಿ ಓದಿ ಹೇಳಿದ.

"ಸಿಬ್ಬನ ಹೆಸರು ಎಲ್ ಹಾಕಿದ್ರಿ ಸ್ವಾಮಿ?" ಟೆಟ್ಟ ಕೇಳಿದಳು.

"ಜಾಗ ಇಲ್ಲಮ್ಮ."

ವಾಪಸು ಬರುವಾಗ ಎರಡನೆಯ ದಿನ ಅವಳು ದಾರಿಬದಿಯ ಕಾಲುವೆಯ ಏರಿಯ ಮೇಲೆ ಕೂತು ಅತ್ತಳು. ಗಂಡನ ಹೆಣ ಬಂದ ದಿನವೂ ಹಾಗೆ ಅತ್ತಿರಲಿಲ್ಲ.

"ಹೊಲ ಸಿಕ್ತಲ್ಲಕ್ಕ, ಬಿಡು," ಎಂದೆ.

"ಸಿಕ್ತು ಕಣೋ. ಹೋಗಿ ಹೋಗಿ ಅಂಥ ಮುಖಕ್ಕೆ ಜೀವ ಕೊಟ್ನಲ್ಲೋ ಅವ್ನು!"

ನಾನು ಬುರುಡೆಯಲ್ಲಿ ಉಳಿದಿದ್ದ ಹೆಂಡ ಕೊಟ್ಟೆ, ಕುಡಿದು ಎದ್ದಳು.

ಒಂಬತ್ತು ವರ್ಷದ ಮೇಲೆ ಇಡೀ ಬ್ರಿಟನ್ನಿನ ಒಡೆಯ ಹೊಟ್ಟೆನೋವಿನಿಂದ ಸತ್ತ. ವಾರದೊಳಗೆ ಹೆರೆಲಾಫ್ ಮತ್ತೆ ಅರಸನಾದ. ಪರದೊರೆ ಕೊಟ್ಟ ದಾನಗಳೆಲ್ಲ ರದ್ದು, ಹಜಾರಕ್ಕೆ ಬಂದು ಹೊಸದಾಗಿ ಬೇಡಿ ಪಡೆಯಬೇಕು ಎಂದು ಹೇಳಿ ಕಳಿಸಿದ. ಅವನ ಆಳು ಬಂದಾಗ ಟೆಟ್ಟ ಗೊಬ್ಬರ ಹರಡುತ್ತಿದ್ದಳು.

"ನಿನ್ ದೊರೆಗೆ ಹೇಳು," ಎಂದಳು, ಕವೆಗೋಲಿಗೆ ಒರಗಿ. "ಒಂದ್ಸಲ ಕೊಟ್ಟ. ಒಂದ್ಸಲ ನನ್ ಗುರುತೇ ಇಲ್ಲ ಅಂದ. ಈಗ ಅವನ ಗುರುತು ನನಗಿಲ್ಲ."

"ಅರಸರ ಅಪ್ಪಣೆ ಕಣಮ್ಮ!"

"ಹೋದ್ವಾರ ಏನಾಗಿದ್ದ? ಮುಂದಿನ್ವಾರ ಏನಾಗಿರ್ತಾನೆ? ಹೋಗಪ್ಪ, ನೆಲ ಆರ್ತಾ ಐತೆ."

ಪಕ್ಕದ ನಮ್ಮ ಹೊಲದಿಂದ ನಾನೂ ನನ್ನ ತಮ್ಮನೂ ಕವೆಗೋಲು ಹಿಡಿದೇ ಹೋಗಿ ಅವಳ ಪಕ್ಕ ನಿಂತೆವು. ಆಳು ನಮ್ಮನ್ನೂ ಗೊಬ್ಬರದ ರಾಶಿಯನ್ನೂ ನೋಡಿ ಕುದುರೆ ತಿರುಗಿಸಿದ. ಹೆಚ್ಚಿನ ಜನರನ್ನು ಕಳಿಸಲು ಹೆರೆಲಾಫನಿಗೆ ಪುರಸೊತ್ತಾಗಲಿಲ್ಲ. ಕೊಯ್ಲಿಗೆ ಮುಂಚೆಯೇ ಮರ್ಸಿಯದಲ್ಲಿ ಹೊಸ ಒಡೆಯ ಎದ್ದ, ಇವನು ಮತ್ತೆ ಬಡಗಣಕ್ಕೆ ಓಡಿದ. ಈ ಸಲ ಸಾಮಂತನೆಂಬ ಹೆಸರನ್ನೂ ಅಲ್ಲೇ ಬಿಟ್ಟು, ಆ ಒಡೆಯನ ಪರವಾಗಿ ನಾಡು ನೋಡಿಕೊಳ್ಳುವ ಆಳಾಗಿ ಬಂದ.

ಟೆಟ್ಟ ಅದನ್ನು ಕೇಳಿ ನಗಲೂ ಇಲ್ಲ. ಆ ವರ್ಷ ಅವರೆ ಚೆನ್ನಾಗಿ ಬಂದಿತ್ತು, ಅದರ ಮಾತನ್ನೇ ಆಡಿದಳು. ಮುಂದೆ ಹದಿನೇಳು ವರ್ಷ ಆ ಹೊಲ ಉತ್ತಳು. ಕೊನೆಗೆ ಒಂದು ಚಳಿಗಾಲ ಎದೆ ಕಟ್ಟಿ ಮಲಗಿದವಳು ಏಳಲಿಲ್ಲ. ಹೊಲವನ್ನು ಈಗ ಅವಳ ಮಗಳು ಉಳುತ್ತಾಳೆ, ನನ್ನ ತಮ್ಮನ ಸೊಸೆ. ಯಾವ ದೊರೆ ಕೊಟ್ಟ ಹೊಲವೆಂದು ಯಾರಾದರೂ ಕೇಳಿದರೆ, ಅಪ್ಪನದು ಎನ್ನುತ್ತಾಳೆ.