ಬಾಯಲ್ಲಿ ನೀರಿಟ್ಟುಕೊಂಡ ಸಂಜೆ

ದಾವಣಗೆರೆ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ವಿದ್ಯಾನಗರದ ಒಂದು ಮೈದಾನದಲ್ಲಿ ನಾನು ಹೈಸ್ಕೂಲು ಹುಡುಗಿಯರಿಗೆ ಖೋಖೋ ಕಲಿಸುತ್ತಿದ್ದೆ. ನನ್ನ ಗಂಟಲಿಗೆ ರಸ್ತೆಯ ಸ್ಕೂಟರಿನವರೂ ಬ್ರೇಕ್ ಹಾಕಿ ತಿರುಗಿ ನೋಡುತ್ತಿದ್ದರು. ಕೂಗದ ಕೋಚ್ ಕೋಚೇ ಅಲ್ಲ ಎಂದು ನಂಬಿದ್ದವಳು ನಾನು.

ಹರಿಹರದಲ್ಲಿ ಒಬ್ಬ ಹಿರಿಯ ಕೋಚ್ ಇದ್ದರು. ಆಟಗಾರರಿಗೆ ಕಲಿಸುವುದನ್ನು ಬಿಟ್ಟು, ಕಲಿಸುವವರಿಗೆ ಕಲಿಸುತ್ತಿದ್ದರು. ಭಾನುವಾರ ನಾವು ಕೆಲವರು ಕೋಚ್‌ಗಳು ಬಸ್ಸು ಹತ್ತಿ ಅವರ ಮನೆಗೆ ಹೋಗಿ ವಾರದ ತಾಪತ್ರಯಗಳನ್ನೆಲ್ಲ ಹೇಳಿಕೊಳ್ಳುತ್ತಿದ್ದೆವು. ಒಮ್ಮೆ ಅವರೇ ನನ್ನ ಮೈದಾನಕ್ಕೆ ಬಂದು ಒಂದು ಸಂಜೆ ಕೂತರು. ಹೊರಡುವಾಗ ಅಂದರು:

“ಹುಡುಗೇರು ಎಲ್ಲಿ ಆಡ್ತಾರಮ್ಮ? ಎಲ್ಲಾ ನೀನೇ ಆಡ್ತಿ. ನಾಳೆ ಬಾಯ್ತುಂಬ ನೀರು ತುಂಬ್ಕಂಡು ನಿಂತ್ಕಾ. ಆಟ ಮುಗಿಯಾತನಕ ನುಂಗಬ್ಯಾಡ, ಉಗುಳಬ್ಯಾಡ.”

ಇದು ಅವರ ಪದ್ಧತಿಯಂತೆ. ಅವರ ಹತ್ತಿರ ಹೋದ ಕೋಚ್‌ಗಳೆಲ್ಲ ಒಮ್ಮೆಯಾದರೂ ಹಾಗೆ ಕೆನ್ನೆ ಉಬ್ಬಿಸಿಕೊಂಡು ನಿಂತವರೇ. ನನಗೆ ಮೈಯೆಲ್ಲ ಉರಿಯಿತು. ಆದರೂ ಮರುದಿನ ನಿಂತೆ. ಹುಡುಗಿಯರು ಮೊದಲು ಕಿಸಕಿಸ ನಕ್ಕರು, ಆಮೇಲೆ ನನ್ನನ್ನು ಮರೆತು ಆಡತೊಡಗಿದರು.

ಆಗ ಕಂಡಿತು. ತಂಡದ ಅತಿ ಚುರುಕಿನ ಹುಡುಗಿ ಚೌಕದಲ್ಲಿ ಕೂತಿದ್ದಳು. ಬೆನ್ನ ಹಿಂದಿನಿಂದ ‘ಖೋ’ ಬಿದ್ದಾಗಲೆಲ್ಲ ಎಡಗೈಯನ್ನು ನೆಲಕ್ಕೂರಿ ಏಳುತ್ತಿದ್ದಳು. ಎದ್ದ ಮೇಲೂ ಮೊದಲ ಹೆಜ್ಜೆಯನ್ನು ಎಳೆದು ಇಡುತ್ತಿದ್ದಳು. ‘ಬೇಗ ಏಳೇ’ ಎಂದು ದಿನಾ ಗದರುತ್ತಿದ್ದ ನನಗೆ ಅವಳು ಯಾಕೆ ತಡ ಮಾಡುತ್ತಾಳೆ ಅನ್ನುವುದು ಕಂಡಿರಲಿಲ್ಲ. ನೀರನ್ನು ಅಲ್ಲೇ ಉಗುಳಿ ಓಡಿದೆ. ಮಂಡಿ ಊದಿಕೊಂಡಿತ್ತು.

ಈಗ ಆಡಿಸಿದರೆ ಆ ಕಾಲು ಜೀವನಪೂರ್ತಿ ಕಾಡುತ್ತದೆ ಎಂದರು ಡಾಕ್ಟರು. ಮುಂದಿನ ವಾರವೇ ಕ್ರೀಡಾ ಹಾಸ್ಟೆಲಿನ ಆಯ್ಕೆ ಇತ್ತು. ಆಯ್ಕೆಯಾದರೆ ಊಟ, ಓದು ಎಲ್ಲ ಅಲ್ಲೇ. ಆಗದಿದ್ದರೆ ಮಗಳ ಓದು ಅಲ್ಲಿಗೇ ಸಾಕು ಎಂದು ಊರಂಚಿನ ಕರೂರಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅವಳಪ್ಪ ಮೊದಲೇ ಹೇಳಿಬಿಟ್ಟಿದ್ದ. ಅತ್ತ ದರಿ, ಇತ್ತ ಪುಲಿ. ನನಗೆ ನಿದ್ದೆ ಹತ್ತಲಿಲ್ಲ.

ಭಾನುವಾರಕ್ಕೂ ಕಾಯದೆ ಹರಿಹರಕ್ಕೆ ಹೋದೆ. “ಆಡಿಸ್ಲಾ, ಬ್ಯಾಡ್ವಾ? ಒಂದು ಮಾತು ಹೇಳಿಬಿಡ್ರಿ ಸರ್.”

“ಆ ಹುಡುಗಿನ್ನ ಕೇಳ್ದೇನಮ್ಮ?”

“ಅದಕ್ಕೇನು ತಿಳಿತೈತ್ರಿ? ಇನ್ನೂ ಸಣ್ಣದು.”

“ಕೇಳಿ ನೋಡು. ನಂಗೂ ಉತ್ತರ ಗೊತ್ತಿಲ್ಲ,” ಎಂದರು.

ಇಷ್ಟು ವರ್ಷ ಪಳಗಿದವರು ಆಡಿಸು ಇಲ್ಲವೇ ಬೇಡ ಎಂದು ಒಂದು ಮಾತು ಹೇಳಲಾರರೇ? ಅವರಿಗೇನು, ಮಗುವಿನ ಅಪ್ಪನ ಮುಖ ನೋಡಬೇಕಾದವಳು ನಾನು. ಕೈಲಾಗದವಳು ಮೈ ಪರಚಿಕೊಂಡ ಹಾಗೆ, ವಾಪಸ್ಸು ಬರುವಾಗ ಸೀಟಿನ ವಿಷಯಕ್ಕೆ ಕಂಡಕ್ಟರನ ಮೇಲೆ ಹರಿಹಾಯ್ದೆ.

ಮರುದಿನ ಅವಳನ್ನು ಮೈದಾನದ ಅಂಚಿನಲ್ಲಿ ಕೂರಿಸಿಕೊಂಡು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ನೀನೇನಂತೀಯ ಎಂದು ಕೇಳಿದೆ. ಅಲ್ಲಿಯವರೆಗೆ ಅವಳನ್ನು ಏನನ್ನೂ ಕೇಳಿದ ನೆನಪಿಲ್ಲ ನನಗೆ. ಅವಳು ಮಂಡಿ ಸವರಿಕೊಂಡಳು.

“ಆಡ್ತೀನ್ರಿ ಮೇಡಂ. ಮನ್ಯಾಗೇ ಕುಂದ್ರಾದಾದ್ರೆ ಕಾಲು ಚಲೋ ಇದ್ದು ಏನು ಮಾಡ್ಲಿ?”

ಸಂಕಟವಾಯಿತು. ಆದರೂ ಆಯ್ಕೆಗೆ ಅವಳನ್ನು ಕರೆದೊಯ್ಯಲಿಲ್ಲ. ಊದಿದ ಮಂಡಿಯನ್ನು ಕಣ್ಣಾರೆ ನೋಡಿ ಓಡು ಅನ್ನಲು ನನ್ನಿಂದ ಆಗಲಿಲ್ಲ. ಅವಳ ಮನೆಗೆ ಹೋಗಿ ಅಪ್ಪನಿಗೆ ಕೈಮುಗಿದು ಬೇಡಿಕೊಂಡೆ. “ಕೂಡ್ರಿ ಮೇಡಂ, ಚಾ ಕುಡೀರಿ,” ಎಂದು ಮರ್ಯಾದೆಯಿಂದ ಉಪಚರಿಸಿದ, ತನ್ನ ಮಾತಿನಿಂದ ಮಾತ್ರ ಕದಲಲಿಲ್ಲ. ನಾನು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ಹೇಳಲಾರೆ.

ಮಳೆಗಾಲ ಮುಗಿಯುವಷ್ಟರಲ್ಲಿ ಅವಳ ಮಂಡಿ ಪೂರ್ತಿ ವಾಸಿಯಾಯಿತಂತೆ. ಆ ಹೊತ್ತಿಗೆ ಅವಳನ್ನು ಶಾಲೆ ಬಿಡಿಸಿಯಾಗಿತ್ತು.