ಕಲೆಯ ದಡಿ

...ಅಥವಾ ಅದು ಬಲಗೈ ಹೆಬ್ಬೆರಳೇ ಇದ್ದೀತು. ನನ್ನ ನೆನಪಿನಲ್ಲಿ ಅಕ್ಕೋರು ಎಡಗೈ ಹೆಬ್ಬೆರಳನ್ನು ಟೊಮೆಟೊ ಎಲೆಯ ಮೇಲಿಟ್ಟು, ಕೆಳಗಿನಿಂದ ಸೂಜಿಯಿಲ್ಲದ ಸಿರಿಂಜನ್ನು ಒತ್ತುತ್ತಿದ್ದಾರೆ. ಎಲೆಯೊಳಗೆ ನೀರು ಹಬ್ಬಿ ಹಸಿರು ಕಪ್ಪಾಗುತ್ತದೆ, ಬಟ್ಟೆಗೆ ಎಣ್ಣೆ ಬಿದ್ದ ಹಾಗೆ. ಆ ಹೆಬ್ಬೆರಳಿನ ಉಗುರು ಸೀಳಿತ್ತು. ಚಿಕ್ಕಂದಿನಲ್ಲಿ ಬನಹಟ್ಟಿಯ ಮನೆಯ ಮಗ್ಗದಲ್ಲಿ ಸಿಕ್ಕಿ ಸೀಳಿದ್ದು ಎಂದು ಅವರೇ ಹೇಳಿದ್ದರೋ, ನಾನೇ ಆಮೇಲೆ ಸೇರಿಸಿಕೊಂಡೆನೋ.

ಜಮಖಂಡಿಯಲ್ಲಿ ಅವರು ನಮಗೆ ಸಸ್ಯಶಾಸ್ತ್ರ ಕಲಿಸಿದರು. ಕಾಲೇಜಿನಲ್ಲೂ ನಾವು, ಸಾಲಿಯ ಹುಡುಗರು ಟೀಚರನ್ನು ಕರೆಯುವಂತೆ, ಅಕ್ಕೋರೆಂದೇ ಕರೆಯುತ್ತಿದ್ದೆವು. ಕೈಗೆ ಎಲೆ ಬಂದರೆ ಮೊದಲು ಬೆಳಕಿಗೆ ಹಿಡಿಯುವರು, ನೇಕಾರರು ಸೀರೆ ಹಿಡಿದು ನೋಡುವ ಹಾಗೆ. "ಕಲಿ ನೋಡಬ್ಯಾಡಲೇ, ದಡಿ ನೋಡು" ಎನ್ನುವರು. ಕಲಿಯೆಂದರೆ ಕಲೆ, ದಡಿಯೆಂದರೆ ಸೀರೆಯ ಅಂಚು. ರೋಗದ ಕಲೆ ಅಂಚಿಲ್ಲದೆ ಮಸುಕಾಗಿ ಹಬ್ಬುತ್ತದೆ. ಗಿಡವೇ ತಡೆದು ನಿಲ್ಲಿಸಿದ ಕಲೆಗೆ ಅಂಚಿರುತ್ತದೆ.

ನನ್ನ ಓದು ಮುಗಿದ ಮೇಲೂ ರಜೆಯ ದಿನ ಅವರು ನನ್ನ ಸ್ಕೂಟರ್ ಹತ್ತುವರು. ಮಡಿಲಲ್ಲಿ ಥರ್ಮಾಸ್. ಮುಧೋಳ, ಬೀಳಗಿ ಕಡೆಯ ಹಿತ್ತಿಲುಗಳನ್ನೆಲ್ಲ ಸುತ್ತಿದೆವು. ಟೊಮೆಟೊ ಎಲೆಗೆ ಹತ್ತುವ ಬೂಷ್ಟಿಗೆ ಬಗ್ಗದ ಜವಾರಿ ಗಿಡವೊಂದು ಈ ಸೀಮೆಯಲ್ಲಿ ಎಲ್ಲೋ ಇದೆ ಎಂದು ಅವರಿಗೆ ಖಾತ್ರಿ. ಥರ್ಮಾಸಿನ ಮಂಜುಗಡ್ಡೆಯ ನಡುವೆ ಒಂದು ಸೀಸೆ. ಅದರಲ್ಲಿ ಬೂಷ್ಟು ಹಿಡಿದ ಎಲೆಗಳಿಂದ ತೆಗೆದು ಸೋಸಿದ ನೀರು.

"ಇದರಾಗ ಬೂಷ್ಟ ಇಲ್ಲ. ಅದು ಬಿಟ್ಟ ಪ್ರೋಟೀನ್ ಅಷ್ಟ ಐತಿ" ಎಂದು ಬೆನ್ನ ಹಿಂದಿನಿಂದ ಕೂಗುವರು. "ಗಿಡದ ಕಾವಲ ಮುರಿಯಾಕ ಬೂಷ್ಟ ಇದನ್ನ ಬಿಡತೈತಿ. ಎಲ್ಲೋ ಒಂದು ಗಿಡಕ್ಕ ಇದರ ಗುರ್ತ ಸಿಗತೈತಿ."

"ಸಿಕ್ಕರ ಏನ ಮಾಡತೈತ್ರಿ?"

"ಅಷ್ಟ ಜಾಗಾ ತಾನ ಸಾಯಿಸಿಕೊಳ್ಳತೈತಿ. ಬೂಷ್ಟಿಗಿ ಜೀವಂತ ಎಲಿನ ಬೇಕು. ಉಪವಾಸ ಕೆಡವತೈತಿ. ಮುಂದ ನೋಡಿ ಹೊಡಿಯಲೇ!"

ಅನಗವಾಡಿಯಲ್ಲಿ ಹೊಳೆಯ ದಂಡೆಗೆ ಕುರಿಗಾರರ ಮನೆ. ಹಿತ್ತಿಲಲ್ಲಿ ಒಂದು ಸಾಲು ಜವಾರಿ ಟೊಮೆಟೊ. ಮಂಜಿತ್ತು, ಹೊಳೆ ಯಾವುದು ಹಟ್ಟಿ ಯಾವುದು ತಿಳಿಯುತ್ತಿರಲಿಲ್ಲ. ಕುರಿಗಳು ನೀರಿನ ಮೇಲೆ ನಿಂತು ಕೆಮ್ಮಿದಂತಿತ್ತು. ಅಕ್ಕೋರು ಪ್ರತಿ ಗಿಡದ ಕೆಲವು ಎಲೆಗಳಿಗೆ ಸಿರಿಂಜಿನಿಂದ ಸೀಸೆಯ ನೀರು ಹಾಯಿಸಿ, ಮನೆಯ ಅಜ್ಜಿಗೆ "ಮತ್ತ ಬರತೇವ್ರಿ" ಎಂದರು. ಏನಾದರೂ ಕಾಣಲು ಒಂದೆರಡು ದಿನ ಬೇಕು.

ಮರಳಿ ಹೋದಾಗ ಸಾಲಿನ ನಡುವೆ ಒಂದು ಕುಳಿ.

"ಬರ್ರಿ ಅಕ್ಕೋರ" ಎಂದಳು ಅಜ್ಜಿ, ಖುಷಿಯಿಂದ. "ನಿಮ್ಮ ಔಷಧ ಎಲ್ಲಾಕ್ಕೂ ಹತ್ತೇತಿ. ಅದೊಂದಕ್ಕ ಹತ್ತಲಿಲ್ಲ. ಎಲಿ ಒಣಗಿದ್ವು. ಕಿತ್ತು ಹೊಳಿಗಿ ಬಿಟ್ಟೆ."

"ಕಿತ್ತಿರಿ?"

"ಹಿಂಡಿನ್ಯಾಗ ಒಂದಕ್ಕ ಬ್ಯಾನಿ ಬಂದ್ರ ಬ್ಯಾರೆ ಮಾಡೂದಿಲ್ಲೇನು? ಬೀರಪ್ಪನ ಪುಣ್ಯಾ, ಲಗೂನ ಕಂಡೆ. ನೋಡ್ರಿ, ಉಳದಾವು ಹೆಂಗ ಹಸರ ಅದಾವ!"

ಹಸಿರಾಗಿಯೇ ಇದ್ದವು. ಸೀಸೆಯ ನೀರಿನಲ್ಲಿ ಏನಿತ್ತೆಂದು ಅವಕ್ಕೆ ಗುರುತೇ ಸಿಕ್ಕಿರಲಿಲ್ಲ. ಅಕ್ಕೋರು ಕುಳಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತರು.

"ಅಜ್ಜಿ, ಅದಕ್ಕ ಬ್ಯಾನಿ ಇರಲಿಲ್ಲ. ಬ್ಯಾನಿ ಗುರ್ತ ಹಿಡದಿದ್ದ ಗಿಡಾ ಅದು."

"ಮೊದಲ ಹೇಳಬಾರದೇನ್ ಬೇ! ಕುರಿ ಆಗಿದ್ರ ಕೊಳ್ಳಾಗ ಗಂಟಿ ಕಟ್ಟಿ ಮುಂದ ಬಿಡತಿದ್ದೆ."

ಅಕ್ಕೋರು ನಕ್ಕರು. ನಕ್ಕರೆಂದೇ ನನ್ನ ನೆನಪು. ಆಮೇಲೆ ಕೇಳಿದರು: "ಒಣಗಿದ್ದಕ್ಕ ದಡಿ ಇತ್ತೇನ್ರಿ?"

ಅಜ್ಜಿ ತನ್ನ ಸೀರೆಯ ಅಂಚನ್ನು ಎತ್ತಿ ಹಿಡಿದಳು. "ಹಿಂಗ. ಕೊರದಂಗ."

"ಖರೆ?"

"ಬೀರಪ್ಪನ ಆಣಿ."

ಅಕ್ಕೋರು ಆ ಹಳೆಯ ಅಂಚನ್ನು ಬೆರಳುಗಳ ನಡುವೆ ಹಿಡಿದು, ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡಿದರು. ಊರೂರು ಹುಡುಕಿದ್ದಕ್ಕೆ ಅವರಿಗೆ ಸಿಕ್ಕ ಸಾಕ್ಷಿ ಅದೊಂದೇ. ಬೇರು ಮೇಲಾಗಿ ಮಂಜಿನೊಳಗೆ ತೇಲುತ್ತ ದೂರವಾಗುವ ಗಿಡ ನನಗೆ ಈಗಲೂ ಕಾಣುತ್ತದೆ. ನಾನು ಅದನ್ನು ನೋಡಿಯೇ ಇಲ್ಲ.

ಆ ಸಾಲಿನಿಂದ ಮೊದಲೇ ಬಿಡಿಸಿದ್ದ ಹಣ್ಣು ಒಂದು ಬುಟ್ಟಿಯಲ್ಲಿದ್ದವು. ಯಾವುದು ಯಾವ ಗಿಡದ್ದೆಂದು ಅಜ್ಜಿಗೆ ತಿಳಿಯದು. ಅಕ್ಕೋರು ಎಲ್ಲವನ್ನೂ ತಂದು, ಬೀಜ ಹಿಂಡಿ, ಬೂದಿಯಲ್ಲಿ ಕಲಸಿ ಒಣಗಿಸಿದರು. "ಮಳಿ ಬರಲಿ, ಎಲ್ಲಾ ಹಾಕಿ ನೋಡೂಣು" ಎಂದಿದ್ದರು. ಮಳೆ ಬಂದಾಗ ಅವರಿರಲಿಲ್ಲ. ನಿದ್ದೆಯಲ್ಲೇ ಹೋದರು ಎಂದರು ಮನೆಯವರು. ಸೀಸೆಯ ನೀರನ್ನು ಯಾರೋ ಫ್ರಿಜ್ ತೊಳೆಯುವಾಗ ಚೆಲ್ಲಿದ್ದರು.

ಬೀಜ ನನ್ನ ಪಾಲಿಗೆ ಬಂದವು. ಪ್ರತಿ ವರ್ಷ ಹಾಕುತ್ತೇನೆ, ಹಣ್ಣಾದ ಮೇಲೆ ಮತ್ತೆ ಬೂದಿಯಲ್ಲಿ ಕಲಸಿಡುತ್ತೇನೆ. ಈ ಬೆಳಿಗ್ಗೆ ಒಂದು ಗಿಡದ ಎಲೆಯಲ್ಲಿ ಒಣ ಕಲೆ ಕಂಡಿತು. ಬೆಳಕಿಗೆ ಹಿಡಿದೆ. ದಡಿ ಇದೆ ಅನ್ನಿಸಿತು. ನಾನು ಆ ಗಿಡ ಕೀಳಲಿಲ್ಲ. ಅದು ಹೊಳೆಗೆ ಹೋದ ಗಿಡದ ಪೀಳಿಗೆಯೋ, ಬರಿಯ ಬಿಸಿಲಿನ ಕಲೆಯೋ, ನನಗೆ ಗೊತ್ತಿಲ್ಲ.