ಸರ್ವಾನುಮತದಿಂದ ಹಾಜರಿದ್ದೆ

ಮೊನ್ನೆ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಾನು ಏಕಕಾಲಕ್ಕೆ ಎರಡು ಊರುಗಳಲ್ಲಿದ್ದೆ. ಕಮಲಾಪುರದ ಶಾಲೆಯ ವರಾಂಡದಲ್ಲಿ, ದೇಹಸಮೇತ. ಕಲಬುರಗಿಯ ಸೇಡಂ ರಸ್ತೆಯಲ್ಲಿ, ಒಂದು ನಡಾವಳಿ ಪುಸ್ತಕದೊಳಗೆ. ಎರಡನೆಯ ಸಂಗತಿ ನನಗೆ ತಿಳಿದದ್ದು ಮಂಗಳವಾರ.

ಕೊಲ್ಲಿ ಯುದ್ಧ ಮುಗಿದ ಮರುವರ್ಷ ನಾವು ಕೆಲವರು ಸೇರಿ ವಿಶ್ವ ಸಂಯುಕ್ತ ಸರ್ಕಾರದ ಪರವಾಗಿ ಒಂದು ಬಳಗ ಕಟ್ಟಿದೆವು. (ನಗುವವರು ನಗಲಿ, ಅಭ್ಯಾಸವಾಗಿದೆ.) ನಮ್ಮ ವಾದ ಸರಳ. ವಿಶ್ವಸಂಸ್ಥೆಯಲ್ಲಿ ಕೂಡುವವರು ಸರ್ಕಾರಗಳು ನೇಮಿಸಿ ಕಳಿಸಿದವರು. ಅವರಿಗೆ ನೀವಾಗಲಿ ನಾನಾಗಲಿ ಓಟು ಹಾಕಿದವರಲ್ಲ. ಭದ್ರತಾ ಮಂಡಳಿಯಲ್ಲಂತೂ ಐದು ದೇಶಗಳ ಪೈಕಿ ಒಂದು ಒಲ್ಲೆನೆಂದರೆ ಮುಗಿಯಿತು. ಇದರ ಬದಲು ಜನರೇ ಆರಿಸಿದ ವಿಶ್ವ ಸಂಸತ್ತು ಬೇಕು. ಯುದ್ಧ, ಅಣ್ವಸ್ತ್ರಗಳ ವಿಚಾರ ಅದಕ್ಕೆ; ಉಳಿದದ್ದು ಆಯಾ ದೇಶಕ್ಕೆ. ಭಾರತದೊಳಗೆ ಕರ್ನಾಟಕವಿಲ್ಲವೇ? ಹಾಗೆ.

ಇದನ್ನು ವಿವರಿಸಲೆಂದೇ ಕಮಲಾಪುರಕ್ಕೆ ಹೋಗಿದ್ದೆ. ಸಭೆ ಕೂಡಿಸಿದವರು ನಿವೃತ್ತ ಶಿಕ್ಷಕಿ ಶಾಂತಾಬಾಯಿ. ಊರಿಗೆಲ್ಲ ಅವರು ‘ಅಕ್ಕೋರು’. ಮುಂದಿನ ಸಾಲಿನಲ್ಲಿ ಟೇಲರ್ ಮಹೆಬೂಬಸಾಬರು ಕೂತಿದ್ದರು.

“ಸರ್, ಈ ಸಂಸತ್ತಿಗಿ ನಂದು ಎಷ್ಟು ಓಟ್ರಿ?”

“ಒಂದು.”

“ಅಮೆರಿಕಾದ ಸಾಹೇಬಗ?”

“ಅವಗೂ ಒಂದ.”

“ಹಂಗಿದ್ರ ಬರಕೋರಿ ನನ್ನ ಹೆಸರು. ಅವನ ಅಂಗಿ ಅಳತಿ ಬ್ಯಾರೆ ಇರಬಹುದು, ಓಟಿನ ಅಳತಿ ಒಂದ ಇರಲಿ!”

ಒಕ್ಕೂಟ ಸೇರುವುದೆಂದರೇನು ಎಂದು ಈ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷ ಕಳೆದ ಮೇಲೆ ನಿಜಾಮರ ಆಳ್ವಿಕೆಯಿಂದ ಬಿಡಿಸಿಕೊಂಡು ಭಾರತಕ್ಕೆ ಸೇರಿದವರು ಇವರು. (ಸರಿಯಾಗಿ ಹೇಳುವುದಾದರೆ, ಹದಿಮೂರು ತಿಂಗಳು ಎರಡು ದಿನ.) ಶಾಂತಾಬಾಯಿ ಇದನ್ನೇ ಹಿಡಿದು ಹನ್ನೊಂದು ಪುಟದ ಪ್ರಬಂಧ ಬರೆದಿದ್ದಾರೆ. “ನಿಜಾಮರ ಕಾಲಕ್ಕ ನಮ್ಮಪ್ಪಗ ಓಟಿರ್ಲಿಲ್ಲ ಸರ್. ಬರ್ತದ ಅಂದ್ರ ಮಂದಿ ನಗ್ತಿದ್ರಂತ. ಬಂತಿಲ್ಲೋ?” ಎಂದರು. ಆ ಪ್ರಬಂಧವನ್ನು ಧಾರವಾಡದಲ್ಲಿ ನಡೆಯಲಿರುವ ನಮ್ಮ ಬಳಗದ ರಾಜ್ಯ ಸಮ್ಮೇಳನದಲ್ಲಿ ಓದಬೇಕೆಂಬುದು ಅವರ ಆಸೆ. ಓದಬೇಕಾದರೆ ಜಿಲ್ಲೆಯ ಪ್ರತಿನಿಧಿಯಾಗಬೇಕು. ಇರುವುದು ಒಂದೇ ಸ್ಥಾನ. ಎಲ್ಲ ಸದಸ್ಯರೂ ಮತದ ಚೀಟಿ ಹಾಕಿ ಆರಿಸತಕ್ಕದ್ದು ಎನ್ನುತ್ತದೆ ನಮ್ಮ ನಿಯಮಾವಳಿಯ ಮೂರನೆಯ ಕಲಮು. ಅಕ್ಕೋರು ನಿಲ್ಲುತ್ತೇನೆಂದರು. ಕಮಲಾಪುರ ಚಪ್ಪಾಳೆ ತಟ್ಟಿತು.

ಮಂಗಳವಾರ ಕಲಬುರಗಿಯ ಅಂಚಿನ ಕುಸನೂರಿನ ನಮ್ಮ ಮನೆಗೆ ಬಳಗದ ಕಾರ್ಯದರ್ಶಿ ಬಂದರು. ವೃತ್ತಿಯಲ್ಲಿ ವಕೀಲರು. ಆ ಮೂರನೆಯ ಕಲಮನ್ನು ಬರೆದವರೂ ಅವರೇ. ನಡಾವಳಿ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು, “ಒಂದು ಸಹಿರೀ ಸರ್” ಎಂದರು.

ಓದಿದೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸೇಡಂ ರಸ್ತೆಯ ಅವರ ಕಚೇರಿಯಲ್ಲಿ ಸಭೆ ಕೂಡಿ, ಧಾರವಾಡಕ್ಕೆ ಪ್ರತಿನಿಧಿಯಾಗಿ ಕಾರ್ಯದರ್ಶಿಗಳನ್ನೇ ‘ಸರ್ವಾನುಮತದಿಂದ’ ಆರಿಸಲಾಯಿತು. ಹಾಜರಿದ್ದವರ ಪಟ್ಟಿಯಲ್ಲಿ ಮೂರನೆಯ ಹೆಸರು ನನ್ನದು!

ಹಳೆಯ ದಫ್ತರಗಳ ತಾರೀಖು ತಾಳೆ ನೋಡುವುದರಲ್ಲೇ ನನ್ನ ಸೇವಾವಧಿ ಕಳೆದಿದೆ. ನನ್ನ ಇರವನ್ನು ನಾನೇ ತಾಳೆ ನೋಡಬೇಕಾಗಿ ಬಂದದ್ದು ಇದೇ ಮೊದಲು. ದಿನಚರಿ ತೆಗೆದೆ: ಕಮಲಾಪುರ. ಶಾಲೆಯ ಸಂದರ್ಶಕರ ಪುಸ್ತಕದಲ್ಲೂ ನನ್ನ ರುಜುವಿದೆ.

“ಅವತ್ತ ನಾ ಕಮಲಾಪುರದಾಗಿದ್ದೆ,” ಎಂದೆ.

“ಗೊತ್ತದರೀ. ಇದು ಬರೇ ಫಾರ್ಮ್ಯಾಲಿಟಿ. ಫೋನಿನ್ಯಾಗ ಎಲ್ಲಾರನೂ ಕೇಳೀನಿ.”

“ನನ್ನ ಕೇಳಿಲ್ಲಲ್ಲ?”

“ನೀವು ಊರಾಗ ಇರ್ಲಿಲ್ಲಲ್ರೀ!”

ಗಮನಿಸಿದಿರಾ? ನಾನು ಕೇಳಲಾಗದಷ್ಟು ಗೈರುಹಾಜರು, ಬರೆದುಕೊಳ್ಳುವಷ್ಟು ಹಾಜರು.

“ಕಮಲಾಪುರದವರಿಗೆ ಫೋನ್ ಮಾಡಿದ್ರೇನು?”

“ಹಳ್ಳಿ ಮಂದಿರೀ ಸರ್. ಫೆಡರಲ್ ಅಂದ್ರ ಅವರಿಗೇನು ತಿಳೀತದ? ಆ ಅಕ್ಕೋರಿಗೆ ಇಂಗ್ಲಿಷ್ ಮಾತಾಡ್ಲಿಕ್ಕೂ ಬರಂಗಿಲ್ಲ. ಒಂದು ಸಹಿ ಸಲುವಾಗಿ ಜಗತ್ತಿನ ಶಾಂತಿ ತಡೀತೀರೇನು?”

ನನ್ನ ಹೆಸರಿನ ಮುಂದೆ ‘ಗೈರುಹಾಜರು’ ಎಂದು ಬರೆದು, ತಾರೀಖು ಹಾಕಿ, ಪುಸ್ತಕ ಮರಳಿಸಿದೆ. ಅವರು ಚಹಾ ಬಿಟ್ಟು ಎದ್ದು ಹೋದರು. ನನಗೂ ಆ ದಿನ ಊಟ ಸೇರಲಿಲ್ಲ.

ಏಕೆಂದರೆ ಇದು ಕೇವಲ ಒಂದು ಸುಳ್ಳು ನಡಾವಳಿಯಲ್ಲ. ನಮ್ಮ ಸಹಕಾರ ಸಂಘಗಳಲ್ಲಿ, ಸಾಹಿತ್ಯ ಸಭೆಗಳಲ್ಲಿ, ಟ್ರಸ್ಟುಗಳಲ್ಲಿ ಎಷ್ಟು ‘ಸರ್ವಾನುಮತ’ಗಳು ಹೀಗೆ ಒಂದೇ ಪೆನ್ನಿನಿಂದ ಹುಟ್ಟಿಲ್ಲ? ಐದು ದೇಶಗಳ ವೀಟೋ ನಮ್ಮ ಕಣ್ಣಿಗೆ ಬೀಳುತ್ತದೆ. ಆ ಐದು ದೇಶಗಳಾದರೂ ಎಲ್ಲರೆದುರು ಕೈಯೆತ್ತಿ ಬೇಡವೆನ್ನುತ್ತವೆ! ಇಲ್ಲಿ ಬೇಡವೆನ್ನುವವರನ್ನು ಸಭೆಗೇ ಕರೆಯುವುದಿಲ್ಲ. ಆಮೇಲೆ ಅವರೂ ಒಪ್ಪಿದರೆಂದು ಬರೆದುಕೊಳ್ಳುತ್ತಾರೆ. ಇದಕ್ಕೆ ಯಾವ ಹೆಸರಿಡಬೇಕು?

ಗುರುವಾರ ಕಮಲಾಪುರಕ್ಕೆ ಹೋಗಿ ಶಾಂತಾಬಾಯಿಯವರಿಗೆ ಎಲ್ಲ ಹೇಳಿದೆ. ಪ್ರಬಂಧದ ಹನ್ನೊಂದು ಪುಟಗಳನ್ನೂ ಜೋಡಿಸಿ ಬದಿಗಿಟ್ಟರು.

“ಸೋತಿದ್ರ ಬ್ಯಾಸರ ಇರ್ಲಿಲ್ಲ ಸರ್. ಎಣಿಸಲೇ ಇಲ್ಲಲ್ರೀ ನಮ್ಮನ್ನ.”

ನಾನು ಮರಳಿ ಬರುವಷ್ಟರಲ್ಲಿ ಕಾರ್ಯದರ್ಶಿಗಳ ಪತ್ರ ಮನೆಯಲ್ಲಿ ಕಾದಿತ್ತು. ರಾಜಿಸೂತ್ರವಂತೆ: ಅಕ್ಕೋರು ಧಾರವಾಡಕ್ಕೆ ‘ವೀಕ್ಷಕ’ರಾಗಿ ಬರಬಹುದು, ಹಿಂದಿನ ಸಾಲಿನಲ್ಲಿ ಕೂಡಬಹುದು, ಮಾತನಾಡುವಂತಿಲ್ಲ. ಶುಕ್ರವಾರ ಬೆಳಿಗ್ಗೆಯೇ ಇದನ್ನು ಅವರಿಗೆ ಮುಟ್ಟಿಸಿದೆ. ಸಂಜೆಯೊಳಗೆ ಕಮಲಾಪುರದ ಸದಸ್ಯರೆಲ್ಲ ರುಜು ಹಾಕಿದ ಪತ್ರ ಕಾರ್ಯದರ್ಶಿಗಳಿಗೆ ತಲುಪಿದೆ. ಕೇಳಿರುವುದು ಇಷ್ಟೇ: ಚೀಟಿ ಹಾಕಿಸಿ. ಉತ್ತರ ಬಂದಿಲ್ಲ. ಸಮ್ಮೇಳನಕ್ಕೆ ಇನ್ನು ಎರಡು ವಾರ ಉಳಿದಿದೆ.

ಜಗತ್ತಿನ ಚುನಾವಣೆ ಆದಾಗ ಆಗಲಿ. ಬರುವ ಭಾನುವಾರ ಸೇಡಂ ರಸ್ತೆಯಲ್ಲಿ ಒಂದು ಚುನಾವಣೆ ಮಾಡಿಸುವ ಧೈರ್ಯ ತಮಗಿದೆಯೇ, ಕಾರ್ಯದರ್ಶಿಗಳೇ?